ಒತ್ತು... ಹಿಡ್ಕೋ... ಬಿಡು

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರಲ್ಲ.

ನಮ್ಮ ದೊಡ್ಡಪ್ಪನ ಹಿರಿಮಗನಿಗೆ ಆದದ್ದು ಇದು. ಜೇಬಲ್ಲಿ ನಟ್ಟು ಬಿಚ್ಚೋ ಪಾನಾ ಇಲ್ಲದೆ ಮನೆಯಿಂದ ಹೊರಗೆ ಕಾಲಿಡೋನಲ್ಲ, ಅದಕ್ಕೇ ಪಾನಾ ಅಣ್ಣ ಅಂತೀವಿ. ಅವತ್ತು ರಾತ್ರಿ ಮನೆಗೆ ನಡ್ಕೊಂಡು ಬರ್ತಿದ್ದ. ಹಳೇ ಬಾವಿ ಹತ್ರ ನೋಡಿದ್ರೆ... ತನ್ನದೇ ಹಳೇ ಟ್ರಕ್ಕು ನಿಂತಿದೆ. ಪಕ್ಕದಲ್ಲಿ ಅದನ್ನ ಓಡಿಸೋ ಅವನ ತಮ್ಮ. ಮುಂದಿನ ಚಕ್ರದಿಂದ ಸುಟ್ಟ ವಾಸನೆ.

"ಬ್ರೇಕಿನ ಕ್ಯಾಲಿಪರ್ ಮತ್ತೆ ಹಿಡ್ಕೊಂಡಿದೆ ಅಣ್ಣ. ಚಕ್ರ ಬಿಡ್ತಾನೇ ಇಲ್ಲ."

"ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರೆ ಇನ್ನೇನಾಗುತ್ತೆ? ನಾಳೆಯಿಂದ ಕೀ ನನ್ನ ಹತ್ರ. ನೀನು ಬೇರೆ ಕೆಲಸ ನೋಡ್ಕೋ."

"ಆಣೆ ಮಾಡ್ತೀನಿ. ನಾನು ಬ್ರೇಕ್ ಮೇಲೆ ಕಾಲಿಟ್ಟೇ ಇಲ್ಲ."

ಅಣ್ಣ ನಂಬಲಿಲ್ಲ. ಅವನ ಅನುಮಾನ ಹಲಸಿನ ಮೇಣ, ಎಣ್ಣೆ ಹಚ್ಚಿದ್ರೂ ಬಿಡಲ್ಲ.

ಜಾಕ್ ಕೊಟ್ಟು ಚಕ್ರ ಬಿಚ್ಚಿದ. ಸಿಕ್ಕಿಕೊಂಡಿದ್ದ ಪಿಸ್ಟನ್ನನ್ನ ಮೀಟಿ ಮೀಟಿ ಒಳಗೆ ತಳ್ಳಿದ. ಇನ್ನು ಬ್ರೇಕಿನ ಗಾಳಿ ತೆಗೀಬೇಕು. ಅದು ಒಬ್ಬರ ಕೈಲಾಗೋ ಕೆಲಸ ಅಲ್ಲ. ಮೇಲೊಬ್ಬ ಕೂತು ಪೆಡಲ್ ಒತ್ತಬೇಕು, ಕೆಳಗೊಬ್ಬ ಗಾಳಿ ಬಿಡೋ ನಿಪ್ಪಲ್ ಸಡಿಲಿಸಬೇಕು.

"ಮೇಲೆ ಹತ್ತು," ಅಂದ, ತಲೆ ಎತ್ತದೆ.

ಧಪ್... ಕ್ಯಾಬಿನ್ ಬಾಗಿಲು.

"ಒತ್ತು." ಕ್ರೀಂಚ್... ಪೆಡಲ್ ಇಳೀತು.

"ಹಿಡ್ಕೋ." ಚುಸ್ಸ್... ಗಾಳಿ, ಆಯಿಲ್ಲು ಚಿಮ್ಮಿತು. ನಿಪ್ಪಲ್ ಬಿಗಿದ.

"ಬಿಡು." ಟಕ್.

ಹೇಳಿದ ಹಾಗೆ, ಒಂಚೂರೂ ತಪ್ಪಲಿಲ್ಲ. ಇಷ್ಟು ಚೆನ್ನಾಗಿ ಇವನು ಯಾವಾಗ ಕಲಿತ? ಅಣ್ಣನಿಗೆ ಅದೂ ಅನುಮಾನ.

ಆಗ... ಕಿರ್ರ್... ಕಿರ್ರ್... ಬಾವಿಯ ರಾಟೆ.

ಈ ಹೊತ್ತಲ್ಲಿ ನೀರು ಸೇದೋರು ಯಾರು?

"ಲೋ... ಬಾವಿ ಹತ್ರ ಯಾರಿದಾರೆ ನೋಡೋ," ಪಿಸುಗುಟ್ಟಿದ.

ಕ್ಯಾಬಿನ್ನಿಂದ ಉತ್ತರ ಇಲ್ಲ. ಬಾವಿ ಕಡೆಯಿಂದ ಬಂತು.

"ನಾನೇ ಅಣ್ಣ. ನಿಂಗೆ ಕೈ ತೊಳ್ಯೋಕೆ ನೀರು ಬೇಡ್ವಾ?"

ಅಷ್ಟರಲ್ಲಿ... ಅಣ್ಣ ಒತ್ತು ಅನ್ನದೇನೇ... ಕ್ರೀಂಚ್. ಅವನ ಕಣ್ಣೆದುರೇ ಕ್ಯಾಲಿಪರ್ ಡಿಸ್ಕನ್ನ ಕಚ್ಚಿ ಹಿಡೀತು. ಬಿಡಲಿಲ್ಲ.

ಇಬ್ಬರೂ ಟಾರ್ಚ್ ಹಾಕಿ ನೋಡಿದ್ರು. ಕ್ಯಾಬಿನ್ನಲ್ಲಿ ಯಾರೂ ಇಲ್ಲ. ಅಣ್ಣ ಟ್ರಕ್ಕಿನ ಕೀ ತೆಗೆದು ತಮ್ಮನ ಕೈಗಿಟ್ಟ.

"ನಿನ್ನ ಕಾಲಲ್ಲ ಬಿಡಪ್ಪ," ಅಂದ.

ನಾನು ಕತೆ ಕಟ್ಟೋನಲ್ಲ. ಬೇಕಾದ್ರೆ ಬೆಳಿಗ್ಗೆ ಹೋಗಿ ಆ ಟ್ರಕ್ ನೋಡ್ಕೊಂಡು ಬನ್ನಿ. ತುಕ್ಕು ಹಿಡಿದು ವರ್ಷಗಟ್ಟಲೆ ಅಲುಗಾಡದ ಡ್ರೈವರ್ ಸೀಟು ಆ ರಾತ್ರಿ ತುದಿವರೆಗೂ ಮುಂದಕ್ಕೆ ಬಂದಿತ್ತು, ಯಾರೋ ಕುಳ್ಳರಿಗೆ ಎಳೆದುಕೊಟ್ಟ ಹಾಗೆ. ಇವತ್ತಿಗೂ ಹಿಂದಕ್ಕೆ ಹೋಗಲ್ಲ. ತಮ್ಮ ಆರಡಿ ಆಳು... ಮಂಡಿ ಸ್ಟೀರಿಂಗಿಗೆ ತಾಗಿಸ್ಕೊಂಡೇ ಓಡಿಸ್ತಾನೆ.