ನೀವು ಬಿಟ್ಟು ಬಂದಿದ್ದೇಕೆ?

“ಹೊರಟವರ ಬಳಿ ಕಾರಣ ಕೇಳಬೇಡಿ” — ಎಲ್ಲೋ ಓದಿದ ಸಾಲು. “ಕೇಳಬೇಡಿ”ಯೋ, “ಕಾರಣವಿರುವುದಿಲ್ಲ”ವೋ, ಸರಿಯಾಗಿ ನೆನಪಾಗುತ್ತಿಲ್ಲ. ಹೇಗಿದ್ದರೂ ಅದು ನಿಜವೇ? ನಮ್ಮ ಗೋಪಿನಾಥ್ ವರ್ಷಗಟ್ಟಲೆ ಅದನ್ನೇ ಕೇಳುತ್ತಾ ಕಳೆದರು.

ಈ ಶ್ರದ್ಧಾಂಜಲಿ ಸಭೆ ಕರೆದ ವಿಜಿ ಅವರೇ, ಅಣ್ಣನಿಗಾಗಿ ಲೆಸ್ಟರಿನಿಂದ ಬಂದಿರುವ ಸದಾಶಿವ ಅವರೇ, ನೈರೋಬಿಯ ಕನ್ನಡ ಬಂಧುಗಳೇ, ನಮ್ಮ ವಿಭಾಗದ ಮಿತ್ರರೇ — ನಮಸ್ಕಾರ.

ಗೋಪಿನಾಥ್ ರಾಜ್ಯಶಾಸ್ತ್ರದ ಮೇಷ್ಟ್ರು. ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟದಿಂದ ಹೊರಬರಲು ಯಾಕೆ ಮತ ಹಾಕಿದರು ಅನ್ನುವುದು ಅವರ ಅಧ್ಯಯನ. ಬೆಲೆ, ಕೆಲಸ, ವಲಸಿಗರ ಭಯ, ಹಳೆಯ ಹೆಮ್ಮೆ — ಎಲ್ಲಕ್ಕೂ ಅವರ ಹತ್ತಿರ ಕೋಷ್ಟಕವಿತ್ತು. ತಾವೇ ವಲಸೆ ಹೋದವರು ಯಾಕೆ ಹಾಗೆ ಮತ ಹಾಕಿದರು ಅನ್ನುವುದಕ್ಕೆ ಮಾತ್ರ ಇರಲಿಲ್ಲ. ಅಂಥವರಲ್ಲಿ ಒಬ್ಬರು ಅವರ ಸ್ವಂತ ತಮ್ಮ. ಇಲ್ಲೇ ನೈರೋಬಿಯ ಎಂಬಕಸಿಯಲ್ಲಿದ್ದ ಕೆಲಸ ಬಿಟ್ಟು ಲೆಸ್ಟರಿಗೆ ಹೋದ ಸದಾಶಿವ, 2016ರಲ್ಲಿ ಹೊರಬರುವುದಕ್ಕೇ ಮತ ಹಾಕಿದರು. “ನಿಂಗೆ ತಲೆ ನೆಟ್ಟಗಿದೆಯೇನೋ?” ಅಂತ ಅಣ್ಣ ಫೋನಿನಲ್ಲಿ ಕೇಳಿದರು. ಅಲ್ಲಿಗೆ — ಮಾತು ನಿಂತಿತು.

ಮೂರು ವರ್ಷದ ಹಿಂದೆ, ಇಲ್ಲಿಂದ ಲೆಸ್ಟರಿಗೆ ಹೋದ ಕನ್ನಡಿಗರಿಗೆ ಕಳಿಸಲು ಗೋಪಿನಾಥರ ಪ್ರಶ್ನಾವಳಿಯನ್ನು ನಾನು ಕನ್ನಡಕ್ಕೆ ಮಾಡಿಕೊಟ್ಟೆ. “ನೀವು ಬಿಟ್ಟು ಬಂದಿದ್ದೇಕೆ?” ಎಂದು ಬರೆದೆ. ಒಕ್ಕೂಟ ಎಂಬ ಪದವೇ ಬಿಟ್ಟುಹೋಗಿತ್ತು. ತಪ್ಪು ನನ್ನದು. ಉತ್ತರಗಳು ಬಂದವು — ಎಲ್ಲರೂ ತಾವು ನೈರೋಬಿ ಬಿಟ್ಟದ್ದೇಕೆ ಎಂದು ಬರೆದಿದ್ದರು. ಒಬ್ಬರಂತೂ ಅತ್ತೆಯ ಮೇಲೆ ಎರಡು ಪುಟ.

“ಏನ್ ಮೇಡಂ, ಒಕ್ಕೂಟಾನೇ ಬಿಟ್ಬಿಟ್ರಲ್ಲ. ನೀವೂ ಬ್ರೆಕ್ಸಿಟ್ ಪಾರ್ಟಿನಾ?” ಅಂದರು ಗೋಪಿನಾಥ್.

ಆ ಕಂತೆಯಲ್ಲಿ ಹೆಸರಿಲ್ಲದ ಒಂದು ಹಾಳೆಯಿತ್ತು. ಕೈಬರಹ ಅವರಿಗೆ ಗೊತ್ತಿತ್ತು. “ಅಲ್ಲಿ ನನಗೆ ಕಷ್ಟವಿರಲಿಲ್ಲ. ಎಲ್ಲವನ್ನೂ ಅಣ್ಣನೇ ತೀರ್ಮಾನಿಸುತ್ತಿದ್ದ. ಒಳ್ಳೆಯದನ್ನೇ ತೀರ್ಮಾನಿಸುತ್ತಿದ್ದ. ನನ್ನನ್ನು ಕೇಳುತ್ತಿರಲಿಲ್ಲ.”

ಓದಿ ನನ್ನ ಕೈಗೆ ಕೊಟ್ಟರು. ವಾಪಸ್ ತೆಗೆದುಕೊಂಡರು. ತಮ್ಮ ಪುಸ್ತಕದ ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದರು. ಲಾಭವಿದ್ದರೂ ಜನ ಹೊರಬರುತ್ತಾರೆ, ದೂರದಲ್ಲಿ ಯಾರೋ ತಮ್ಮ ಪರವಾಗಿ ತೀರ್ಮಾನಿಸುವುದು ಸಾಕಾಗಿ, ಎಂದು. ಒಂದು ಮನೆಯ ಕಾರಣವನ್ನು ಒಂದು ದೇಶಕ್ಕೆ ಹಚ್ಚಬಾರದು ಎಂದೆ ನಾನು. ಈಗಲೂ ಪೂರ್ತಿ ಒಪ್ಪಿಲ್ಲ.

ಮೊನ್ನೆ ವಿಮಾನ ನಿಲ್ದಾಣದಲ್ಲಿ ಸದಾಶಿವ ಕೇಳಿದ್ದು ಒಂದೇ: “ಅಣ್ಣ ನಾನ್ ಬರೆದಿದ್ದನ್ನ ಓದಿದ್ನಾ?” ಓದಿದರು ಎಂದೆ. “ಆದ್ರೂ ಫೋನ್ ಮಾಡ್ಲಿಲ್ವಲ್ಲ.”



ಇನ್ನುಳಿದದ್ದನ್ನು ಸದಾಶಿವ ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ನನ್ನ ಮಾತು ಮುಗಿದ ಮೇಲೆ ಎರಡು ನಿಮಿಷ ಹಾಗೆಯೇ ಮೌನವಾಗಿರೋಣ.

ನಿನ್ನೆ ನಾವಿಬ್ಬರೂ ಕಸರಾನಿಯಲ್ಲಿರುವ ಗೋಪಿನಾಥರ ಮನೆಗೆ ಹೋದಾಗ ಎದುರುಮನೆಯ ಪೀಟರ್ ಬಾಗಿಲಿಗೆ ಬಂದರು. ಮ್ವಾಲಿಮು, ಅಂದರೆ ನಮ್ಮ ಮೇಷ್ಟ್ರು, ದಿನಾ ಸಂಜೆ ವರಾಂಡದಲ್ಲಿ ಫೋನ್ ಹಿಡಿದು ಓಡಾಡುತ್ತಿದ್ದರಂತೆ. ನಂಬರ್ ಒತ್ತುತ್ತಿರಲಿಲ್ಲವಂತೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ನೋಡುತ್ತಿದ್ದರಂತೆ. ಅರ್ಥ ಗೊತ್ತಿಲ್ಲ, ಕೇಳಿ ಕೇಳಿ ಬಾಯಿಗೆ ಬಂದಿದೆ ಎಂದರು ಪೀಟರ್. ಆಮೇಲೆ ಸದಾಶಿವರ ಮುಖ ನೋಡಿ, ನಿಧಾನವಾಗಿ, ಕನ್ನಡದಲ್ಲಿ ಹೇಳಿದರು —

“ನಿಂಗೇನ್ ಅನ್ಸುತ್ತೆ, ಸದೂ?”