ಹಾವಿಗೆ ಕಿವಿಯಿಲ್ಲ

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಯಾರು, ಅತ್ತೆಯವರಾ?... ಅಮ್ಮಾ, ನಾನು ಶಾಲೆಯಿಂದ. ನಿಮ್ಮ ಸೊಸೆ ಜೊತೆ ಕೆಲಸ ಮಾಡೋ ದೊಡ್ಡ ಮಿಸ್ಸು... ಹಾಂ, ಊಟ ಆಯ್ತು... ಮಂಡಿನೋವು ಹಾಗೇ ಇದೆ. ಸೊಸೆ ಕೈಗೆ ಸ್ವಲ್ಪ ಫೋನ್ ಕೊಡ್ತೀರಾ?... ಮಲಗಿದಾಳಾ? ಎಬ್ಬಿಸಿ! ನಿಮ್ಮ ಕಾಲಿಗೆ ಬೀಳ್ತೀನಿ ಅಮ್ಮಾ, ಎಬ್ಬಿಸಿ!"

ಮೂವತ್ತು ವರ್ಷ ಊರಿನ ಮಕ್ಕಳನ್ನೆಲ್ಲ ಕಣ್ಣಲ್ಲೇ ಹೆದರಿಸಿ ಕೂರಿಸಿದ ದೊಡ್ಡ ಮಿಸ್ಸು ಇವತ್ತು ಆಟದ ಹಾಲಿನ ಬಾಗಿಲಲ್ಲಿ ನಿಂತು ಫೋನಿಗೆ ಗೋಗರೆಯುತ್ತಿದ್ದರು. ಅವರ ಎಡಗೈಯಲ್ಲಿ ಒಂದು ಜೊತೆ ಪುಟ್ಟ ಶೂಗಳಿದ್ದವು.

"...ಹಾಂ, ನಾನೇ ಕಣೇ. ರೈಲಲ್ಲಿದೀಯಾ ಅಂತ ಗೊತ್ತು, ಕೇಳಿಸ್ಕೋ. ಗೋಲಿ ಕಾಣಿಸ್ತಿಲ್ಲ... ಅಯ್ಯೋ, ನಮ್ಮ ಗುಂಡುಕಣ್ಣಿನ ಗೋಲಿ, ಇನ್ಯಾವ ಗೋಲಿ!... ಇಲ್ಲ, ಮನೆಗೆ ಹೋಗಿಲ್ಲ. ಅವಳಮ್ಮ ಕರ್ಕೊಂಡು ಹೋಗೋಕೆ ಬಂದಾಗಲೇ ನಮಗೆ ಗೊತ್ತಾಗಿದ್ದು. ಗಂಟೆ ಮೇಲಾಯ್ತು."

"...ಅಳಬೇಡ. ಈಗ ನೀನು ಅತ್ರೆ ನಾನು ಯಾರನ್ನ ಕೇಳ್ಲಿ? ನೀನು ಪ್ರಾಣಿ ಆಟ ಆಡಿಸ್ತಿದ್ದೆ. ಎಲ್ಲಾ ಪ್ರಾಣಿಗಳೂ ಬಚ್ಚಿಟ್ಕೊಂಡಿದ್ವು. ರೈಲಿಗೆ ಹೊತ್ತಾಯ್ತು ಅಂತ ನನ್ನ ಕೈಗೊಪ್ಪಿಸಿ ಓಡಿದೆ, ಅಲ್ವಾ? ನಾನು ಗೋಡೆ ಮೇಲಿನ ಪಟ್ಟಿ ನೋಡ್ಕೊಂಡು ಒಂದೊಂದರ ಕೂಗು ಕೂಗ್ದೆ. ಕಪ್ಪೆ ಬಂತು, ಕೋಳಿ ಬಂತು, ಆನೆನೂ ಬಂತು. ಗೋಲಿ ಹೆಸರಿನ ಎದುರು ಆನೆ ಅಂತಿತ್ತು, ಗುರುತು ಹಾಕ್ದೆ... ಯಾರು ಬಂದ್ರು ಅಂತ ಮುಖ ನೋಡ್ಲಿಲ್ಲ ಕಣೇ! ಗಂಟೆ ಹೊಡೀತು, ಎಲ್ಲಾ ಗೇಟಿಗೆ ಓಡಿದ್ವು. ತಲೆ ಎಣಿಸ್ಲಿಲ್ಲ ನಾನು. ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿದ್ದು, ಅದು ಇವತ್ತೇ ಆಗ್ಬೇಕಾ?"

"...ಹುಡುಕದೇ ಇರ್ತೀವಾ? ಶೌಚಾಲಯ, ಅಡುಗೆಮನೆ, ಬೀರುಗಳು, ಒಂದೂ ಬಿಟ್ಟಿಲ್ಲ. ಆನೆ ಥರ ಘೀಳಿಟ್ಟು ಘೀಳಿಟ್ಟು ನನ್ನ ಗಂಟಲು ಹರಿದು ಹೋಯ್ತು. ಹಾಲಲ್ಲಿ ವೇದಿಕೆ ಕೆಳಗೂ ಟಾರ್ಚ್ ಹಾಕಿ ನೋಡಿದ್ವಿ. ಹಳೇ ಪರದೆ ಗಂಟು ಬಿಟ್ರೆ ಏನೂ ಇಲ್ಲ... ಹೇಳ್ತೀನಿ, ಹೇಳ್ತೀನಿ ತಡಿ. ಅವಳ ಶೂ ನಲ್ಲಿ ಕಟ್ಟೆ ಹತ್ರ ಸಿಕ್ಕಿವೆ. ಪಕ್ಕದಲ್ಲೇ ನೀರಿನ ಸಂಪು. ರಿಪೇರಿಯವನು ಬೆಳಿಗ್ಗೆ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋಗಿದ್ನಂತೆ."

ಅಂಗಳದಲ್ಲಿ ಆ ರಿಪೇರಿಯವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎರಡನೇ ಸಲ ಸಂಪಿಗೆ ಇಳಿಯುತ್ತಿದ್ದ. ಗೋಲಿಯ ಅಮ್ಮ ಅಂಚಿನಲ್ಲಿ ಕೂತು ಕಪ್ಪು ನೀರನ್ನೇ ನೋಡುತ್ತಿದ್ದಳು. ದೊಡ್ಡ ಮಿಸ್ಸಿಗೆ ಅತ್ತ ಮುಖ ತಿರುಗಿಸುವ ಧೈರ್ಯವಾಗಲಿಲ್ಲ.

"...ಏನಂದೆ? ಇನ್ನೊಂದ್ಸಲ ಹೇಳು... ನೀನೇ ಬಿಚ್ಚಿಸಿದ್ಯಾ? ಶೂ ನೀನೇ ಬಿಚ್ಚಿಸಿದ್ಯಾ?... ಯಾಕೆ?... ಹಾವಿಗೆ ಕಾಲಿಲ್ಲ ಅಂತಾನಾ? ಅವಳು ಆನೆ ಅಲ್ವೇನೇ?"

"...ಅದಲು ಬದಲು ಮಾಡಿದ್ಯಾ! ಹಾವು ಬೇಡ ಅಂತ ಆ ಹುಡುಗ ಅತ್ನಾ? ಗೋಲಿ ತಾನೇ ಆಗ್ತೀನಿ ಅಂದ್ಲಾ? ಅದನ್ನ ಪಟ್ಟಿಯಲ್ಲಿ ತಿದ್ದಬಾರ್ದಾ ತಾಯಿ!... ಇಲ್ಲ, ಬೈತಿಲ್ಲ. ನಾನು ಹಾವನ್ನೂ ಕರ್ದೆ ಕಣೇ, ಬುಸ್ ಬುಸ್ ಅಂದೆ. ಬರ್ಲಿಲ್ಲ. ಆದ್ರೆ ಪಟ್ಟಿಯಲ್ಲಿ ಹಾವು ಆಗಿದ್ದ ಹುಡುಗ ನನ್ನೆದುರೇ ಹಲ್ಲು ಕಿರೀತಿದ್ದ. ಸರಿ ಅಂತ ಬಿಟ್ಬಿಟ್ಟೆ."

"...ಹಲೋ? ಕಟ್ ಕಟ್ ಆಗ್ತಿದೆ. ಬೆಟ್ಟ ಬಂತಾ? ಬೇಗ ಹೇಳು, ಅವಳನ್ನ ಹೇಗೆ ಕರೀಬೇಕು?... ಹಾಂ, ಕಿವಿ ಇಲ್ಲ. ನಾವು ಎಷ್ಟು ಕೂಗಿದ್ರೂ ಕೇಳಿಸಲ್ಲ ಅಂತ ಹೇಳ್ಕೊಟ್ಟಿದೀಯಾ. ಸರಿ... ನೆಲ ಅದುರೋದು ಮಾತ್ರ ಗೊತ್ತಾಗುತ್ತೆ... ಜೋರಾಗಿ ಕಾಲಿನ ಸದ್ದಾದ್ರೆ?... ಶತ್ರು. ಇನ್ನೂ ಒಳಗೆ ಸರೀಬೇಕು, ಅಲ್ಲಾಡಬಾರ್ದು..."

ದೊಡ್ಡ ಮಿಸ್ಸು ತಮ್ಮ ಕಾಲನ್ನೇ ನೋಡಿಕೊಂಡರು. ಒಂದು ಗಂಟೆಯಿಂದ ಹತ್ತಾರು ಜನ ದಬದಬ ಓಡಿ ಈ ಹಾಲಿನ ನೆಲವನ್ನೆಲ್ಲ ತುಳಿದು ಹಾಕಿದ್ದರು. ಎಲ್ಲರಿಗಿಂತ ಜೋರಾಗಿ ಓಡಿದವರು ಇವರೇ.

"ಅಯ್ಯೋ ನನ್ನ ಬುದ್ಧಿಗಿಷ್ಟು... ಎಲ್ರೂ ನಿಂತ್ಕೊಳ್ಳಿ! ಆಯಾ, ನಿಂತ್ಕೋ ಅಲ್ಲೇ! ಯಾರೂ ಕಾಲು ಎತ್ಬೇಡಿ! ಗೋಲಿಯಮ್ಮ, ನೀವು ಬನ್ನಿ, ಚಪ್ಪಲಿ ಬಿಟ್ಟು ಮೆತ್ತಗೆ ಬನ್ನಿ... ಇದೀಯೇನೇ? ಸ್ನೇಹಿತರು ಬಂದ್ರೆ ಏನು ಮಾಡ್ಬೇಕು?... ಅಂಗೈಯಲ್ಲಿ ತಟ್ಬೇಕಾ? ಎಷ್ಟು ಸಲ?... ಮೂರು. ಮೆಲ್ಲಗೆ ಮೂರು. ಹಾವಿನ ಬಿಲ ಎಲ್ಲಿ ಮಾಡಿದ್ದೆ?... ವೇದಿಕೆ ಕೆಳಗಾ? ಹಾಂ, ಕೂತ್ಕೋತಿದೀನಿ, ಈ ಹಾಳು ಮಂಡಿ... ಲೈನಲ್ಲೇ ಇರು, ಫೋನ್ ಇಡಬೇಡ."

ದೊಡ್ಡ ಮಿಸ್ಸು ಗೋಡೆ ಹಿಡಿದು ನೆಲಕ್ಕೆ ಕುಸಿದರು. ಫೋನನ್ನು ವೇದಿಕೆಯ ಹಲಗೆಯ ಪಕ್ಕದಲ್ಲಿಟ್ಟು, ಮಗುವನ್ನು ಮಲಗಿಸುವಾಗ ಬೆನ್ನು ತಟ್ಟುವಷ್ಟೇ ಮೆಲ್ಲಗೆ ಹಲಗೆಯನ್ನು ಮೂರು ಸಲ ತಟ್ಟಿದರು. ಗೋಲಿಯ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ನಿಂತಿದ್ದಳು.

ಏನೂ ಇಲ್ಲ. ಅವರು ಇನ್ನೊಮ್ಮೆ ತಟ್ಟಿ ಫೋನನ್ನು ಕಿವಿಗೆ ಹಿಡಿದರು.

"...ಇಲ್ಲ ಕಣೇ. ಏನೂ ಇಲ್ಲ... ದೇವರೇ, ಆ ಸಂಪು... ಏನು? ಉತ್ತರ ಕೊಟ್ಟೇ ಹೊರಗೆ ಬರೋದಾ? ಕಾಯ್ಬೇಕಾ?... ಎಷ್ಟು ಹೊತ್ತು ಕಾಯ್ಲಿ, ನನ್ನ ಜೀವ ಹೋಗ್ತಿದೆ... ಶ್! ಸುಮ್ನಿರು. ಮಾತಾಡ್ಬೇಡ."

ಹಲಗೆಯ ಅಡಿಯಿಂದ ಸದ್ದು ಬಂತು. ಟಪ್. ಟಪ್. ಸ್ವಲ್ಪ ಬಿಟ್ಟು, ಲೆಕ್ಕ ಮರೆತವರ ಹಾಗೆ, ಮತ್ತೊಂದು ಟಪ್.

"ಅವಳೇ! ಪರದೆ ಗಂಟು ಅಲ್ಲಾಡ್ತಿದೆ ಕಣೇ! ಗಂಟಿನ ಒಳಗೇ ಇದ್ಲು... ಬಂದ್ಲು, ಮೈಯೆಲ್ಲಾ ಧೂಳು... ತಾಯಿ, ತಡೀರಿ, ಓಡ್ಬೇಡಿ, ಅವಳಾಗೇ ಬರ್ಲಿ... ಹೊಟ್ಟೆ ಮೇಲೆ ತೆವಳ್ಕೊಂಡು ಬರ್ತಿದಾಳೆ, ಇನ್ನೂ ಹಾವಾಗಿಯೇ ಇದಾಳೆ ನಮ್ಮಮ್ಮ... ಅಳ್ತಿಲ್ಲ, ನಾನ್ಯಾಕೆ ಅಳ್ಲಿ... ಸಿಕ್ಕಿದ್ಲು ಕಣೇ. ಕೇಳಿಸ್ತಾ? ಗೋಲಿ ಸಿಕ್ಕಿದ್ಲು ಅಂದೆ... ಹಲೋ? ಸುರಂಗ ಬಂತಾ? ಕೇಳಿಸ್ತೇನೇ?... ಹಲೋ?... ಹಲೋ?..."