ಕಲ್ಲಿನ ಕೆಳಗಿನ ಇದ್ದಲಿ

ವೇದಿಕೆ ಮೇಲಿರುವ ಅಧ್ಯಕ್ಷರೇ, ತಹಶೀಲ್ದಾರ್ ಮೇಡಂ ಅವರೇ, ಕೂಡ್ಲಿಗಿ ಸರ್ವೆ ಆಫೀಸಿನ ನನ್ನ ಒಡನಾಡಿಗಳೇ, ಫ್ಯಾನಿಲ್ಲದ ಕಡೆಯೂ ಸಹಿಸಿಕೊಂಡು ಕುಂತಿರುವ ಸಭಿಕರೇ,

ಮೂವತ್ತೊಂದು ವರ್ಷ ಭೂಮಿ ಅಳೆದ ಈ ಓಬಳೇಶಪ್ಪನಿಗೆ ನಿವೃತ್ತಿಯ ದಿನ ಹಡಗಲಿ ಮಲ್ಲಿಗೆ ಹಾರ ಹಾಕಿದ್ದೀರಿ. ಸಂತೋಷ. ನಾನು ಪದೇ ಪದೇ ಬಾಗಿಲ ಕಡೆ ನೋಡಿದರೆ ತಪ್ಪು ತಿಳೀಬ್ಯಾಡ್ರಿ. ನಮ್ಮಕ್ಕ ಚೌಡಕ್ಕ ಬರ್ತಾಳೇನೋ ಅಂತ.

ಒತ್ತುವರಿಗೆ ಇಂಗ್ಲಿಷಿನಲ್ಲಿ ಎನ್‌ಕ್ರೋಚ್‌ಮೆಂಟ್ ಅಂತೀವಿ. ಎಷ್ಟು ಸಾವಿರ ಸಲ ಬರೆದೆನೋ. ಅದು ಎಲ್ಲಿಂದ ಬಂತು ಅಂತ ಒಂದು ದಿನವಾದರೂ ಕೇಳಿಕೊಂಡೆನೇ? ನಿನ್ನೆ ಭಾಷಣಕ್ಕೆಂದು ಮಗಳು ಶ್ರುತಿ ಮೊಬೈಲಿನಲ್ಲಿ ಹುಡುಕಿದಳು. "ಅಪ್ಪಾ, ಹಳೇ ಫ್ರೆಂಚ್ ಮಾತಂತೆ. ಕೊಕ್ಕಿ ಹಾಕಿ ಹಿಡಕೊಳ್ಳೋದು ಅಂತ ಐತಿ" ಅಂದಳು. ಆಗಿನಿಂದ ಕುಂತಲ್ಲಿ ಕೂರಲಾರೆ.

ಕೊಕ್ಕಿ ನನಗೆ ಗೊತ್ತಿಲ್ಲವೇ? ನಮ್ಮದು ಕುರಿ ಮನಿ. ಅಕ್ಕ ಬಿದಿರ ಗಳಕ್ಕೆ ಕೊಕ್ಕಿ ಕಟ್ಟಿ, ಜಾಲಿ ಟೊಂಗಿ ಎಳೆದು, ಕಾಯಿ ಉದುರಿಸೋಳು. ಪಕ್ಕದ ಹೊಲದ ಟೊಂಗಿಗೆ ನಾನು ಚಾಚಿದರೆ ಕೈ ಮೇಲೆ ಬಾರಿಸೋಳು. "ಅದು ನಮ್ಮದಲ್ಲ, ಬಿಡಲೇ" ಅನ್ನೋಳು. ಕುರಿ ಕಾಯ್ದೇ ನನ್ನನ್ನು ಓದಿಸಿದಳು.

ಅಪ್ಪ ನಮ್ಮಿಬ್ಬರಿಗೆ ಹೊಲ ಪಾಲು ಮಾಡಿ ನಡುವೆ ಬಾಂದಿನ ಕಲ್ಲು ನೆಟ್ಟ. ಕಲ್ಲಿನ ಕೆಳಗೆ ಇದ್ದಲಿ ಹೂಳೋದು ನಮ್ಮ ಕಡೆ ಹಳೇ ಪದ್ಧತಿ. ಕಲ್ಲು ಸರಿದರೂ ಇದ್ದಲಿ ಸರಿಯೋದಿಲ್ಲ, ಕೊಳೆಯೋದೂ ಇಲ್ಲ. ಹಾಗೆ ಇದ್ದಲಿ ಅಗೆದು ತೋರಿಸಿ ಹರಪನಹಳ್ಳಿ ಕಡೆ ಎಷ್ಟು ಮಂದಿಯ ಕಳ್ಳತನ ಹಿಡಿದೆ ನಾನು. ಚಪ್ಪಾಳೆ ಬ್ಯಾಡ್ರಿ, ಮುಂದಿನದು ಕೇಳ್ರಿ.

ಎಂಟು ವರ್ಷದ ಹಿಂದೆ ಅಪ್ಪ ಕೊಟ್ಟ ನನ್ನ ಪಾಲಿನಲ್ಲಿ ಮನಿ ಕಟ್ಟಿದೆ. ಗೇಟಿಗೆ ಜಾಗ ಸಾಲಲಿಲ್ಲ. ಕಲ್ಲನ್ನು ಆರು ಹೆಜ್ಜೆ ಅಕ್ಕನ ಕಡೆ ಸರಿಸಿದೆ. ಕಾಂಪೌಂಡ್ ಎದ್ದಿತು, ಅವಳ ಕುರಿ ಕೆರೆಗೆ ಹೋಗೋ ದಾರಿ ಮುಚ್ಚಿತು. ಇಷ್ಟೆಲ್ಲ ತಿಳಿದವನು ಇದ್ದಲಿ ತೆಗೆಯೋದನ್ನೇ ಮರೆತೆ.

ಅಕ್ಕ ಜಗಳಾಡಲಿಲ್ಲ. "ತಮ್ಮಾ, ನೀನು ಅಳೆಯೋನು, ನಿನ್ನ ಅಳತಿ ಸರೀನೇ ಇರ್ತೈತಿ" ಅಂದಳು. ಜಗಳಾಡಿದ್ದರೆ ಚೆನ್ನಾಗಿತ್ತು.

ಇವತ್ತು ಮುಂಜಾನೆ ಕರೆಯೋಕೆ ಫೋನ್ ಮಾಡಿದೆ. "ನಾಳೆ ಸಂತಿಗೆ ಎಲ್ಲಾ ಕುರಿ ಹೊಡಕೊಂಡು ಹೋಗಿ ಮಾರ್ತೀನಿ. ಕೆರೆಗೆ ಸುತ್ತು ದಾರಿ ನಡೆಯೋಕೆ ಕಾಲು ಬರವಲ್ಲವು" ಅಂದಳು. ಹಾರೆ ತಗೊಂಡು ಕಾಂಪೌಂಡಿನ ಒಳಗೆ ಅಗೆದೆ. ಅಪ್ಪ ಹೂಳಿದಲ್ಲೇ ಇದ್ದಲಿ ಸಿಕ್ಕಿತು. ಅದರ ಒಂದು ಚೂರು ಈ ಜೇಬಿನಲ್ಲೈತಿ. ನಿಮ್ಮೆಲ್ಲರೆದುರು ಅವಳ ಕೈಗಿಟ್ಟು ತಪ್ಪಾಯ್ತು ಅನ್ನಬೇಕಂತಿದ್ದೆ. ಅವಳು ಬರಲಿಲ್ಲ. ಯಾಕೆ ಬರ್ತಾಳೆ?

ಊಟಕ್ಕೆ ನಿಲ್ಲೋದಿಲ್ಲ, ಕ್ಷಮಿಸ್ರಿ. ನಮ್ಮೂರಿಗೆ ಹೋಗೋ ಕಾನಹೊಸಹಳ್ಳಿ ಬಸ್ಸಿಗೆ ಹತ್ತು ನಿಮಿಷ ಐತಿ. ಸಂಜಿ ಅವಳ ಕುರಿ ತಿರುಗೋ ಹೊತ್ತಿಗೆ ಆ ಗೋಡಿ ಬಿದ್ದಿರಬೇಕು.

ಹಾರ ಹಾಕಿದವರಿಗೆ, ಕೇಳಿದವರಿಗೆ ವಂದನೆಗಳು. ಕೈ ಮಸಿಯಾಗೈತಿ. ಈ ಕೈಯಿಂದಲೇ ನಮಸ್ಕಾರ.